ಸ್ಪ್ರೇ ಮೋಟರ್ ಬೇಡ ಮಗ, ಬ್ರಷ್ ತಗೋ

ಮಗ, ಮನೆ ಗ್ರೂಪಲ್ಲಿ ನೀನು ಹಾಕಿದ ಮೆಸೇಜು ಈಗ ಕೇಳಿದೆ. ಮಳೆ ಬಿಟ್ಟಿದೆ, ಕಾಫಿ ಕೊಯ್ಲಿಗೆ ಮುಂಚೆ ಪಿಕಪ್ಪನ್ನ ಎಫ್‌ಸಿಗೆ, ಅಂದ್ರೆ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಮಡಿಕೇರಿಗೆ ಒಯ್ಯಬೇಕು, ಬಾನೆಟ್ ಎತ್ತಿದ್ರೆ ಒಳಗೆಲ್ಲಾ ಕೆಂಪು ಕೆಸರು, ಎಣ್ಣೆ ಜಿಡ್ಡು, ಎಲೆ ಕಸ. ಭಾನುವಾರ ಕಣದಲ್ಲಿ ನಿಲ್ಲಿಸಿ, ಔಷಧಿ ಹೊಡೆಯೋ ಮೋಟರಲ್ಲಿ ನೀರು ಬಿಟ್ಟು ತೊಳೀತೀನಿ ಅಂದಿದೀಯ. ಭಾವ ಅದಕ್ಕೆ, ಒಂದು ಲೀಟರ್ ಪೆಟ್ರೋಲ್ ಹಾಕಿ ಉಜ್ಜು, ಜಿಡ್ಡು ಬಿಡುತ್ತೆ ಅಂತ ಬರೆದಿದಾರೆ. ಇದನ್ನ ಟೈಪ್ ಮಾಡಿ ಮುಗಿಸೋಕಾಗಲ್ಲ, ಅದಕ್ಕೆ ಮಾತಲ್ಲೇ ಹೇಳ್ತೀನಿ. ಉದ್ದ ಆಗುತ್ತೆ, ಪೂರ್ತಿ ಕೇಳು.

ಕ್ಲೀನ್ ಮಾಡ್ಬೇಕು ಅಂದಿದ್ದು ಸರಿಯಾಗೇ ಇದೆ. ನಾವು ಗಾಡಿ ನಿಲ್ಲಿಸೋದು ಮರದ ಕೆಳಗೆ. ಸಿಲ್ವರ್ ಓಕ್ ಎಲೆ ವೈಪರ್ ಕೆಳಗಿನ ಜಾಲರಿಯಲ್ಲಿ ಇಳಿದು ಎಂಜಿನ್ ಹಿಂದೆ ಹೋಗಿ ಕೂರುತ್ತೆ. ಅದರ ಮೇಲೆ ಎಣ್ಣೆ ಜಿನುಗಿ ನೆನೀತು ಅಂದ್ರೆ, ಪಕ್ಕದಲ್ಲೇ ಟರ್ಬೋ, ಸೈಲೆನ್ಸರ್ ಪೈಪು. ಲೋಡ್ ಹಾಕ್ಕೊಂಡು ಏರು ಹತ್ತೋವಾಗ ಆ ಪೈಪು ನೂರಾರು ಡಿಗ್ರಿ ಕಾದಿರುತ್ತೆ. ಬೆಂಕಿ ಹತ್ತೋಕೆ ಇನ್ನೇನು ಬೇಕು? ಅದಕ್ಕೇ ಹೇಳ್ತೀನಿ, ತೆಗೀಲೇಬೇಕು. ಆದ್ರೆ ಮೋಟರ್ ಬೇಡ, ಪೆಟ್ರೋಲ್ ಬೇಡ, ಕಣವೂ ಬೇಡ.

ಮೊದಲು ಕಣದ ವಿಷಯ. ನಮ್ಮ ಮನೇಲಿ ಸಮತಟ್ಟಾಗಿ ಸಿಮೆಂಟ್ ಹಾಕಿರೋ ಜಾಗ ಅದೊಂದೇ, ನಿನಗೆ ಅಲ್ಲೇ ಅನುಕೂಲ ಅನ್ಸಿದ್ದು ಸಹಜ. ಆದ್ರೆ ಮುಂದಿನ ತಿಂಗಳು ಅದೇ ಸಿಮೆಂಟ್ ಮೇಲೆ ಪಾರ್ಚ್‌ಮೆಂಟ್, ಅಂದ್ರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ, ಒಣಗಬೇಕು. ಸಿಮೆಂಟ್ ಎಣ್ಣೆ ಕುಡಿಯುತ್ತೆ, ಕುಡಿದಿದ್ದನ್ನ ಬೇಗ ಬಿಡಲ್ಲ. ಕಾಫಿ ಬೀಜ ಪಕ್ಕದಲ್ಲಿ ಯಾವ ವಾಸನೆ ಇದ್ರೂ ಎಳ್ಕೊಳ್ಳುತ್ತೆ. ಡೀಸೆಲ್, ಕರಿ ಆಯಿಲ್ ವಾಸನೆ ಹಿಡಿದ ಕಾಫಿಯನ್ನ ಎಷ್ಟು ಒಣಗಿಸಿದ್ರೂ ರುಚಿ ನೋಡೋರ ಕಪ್ಪಿನಲ್ಲಿ ಗೊತ್ತಾಗೇ ಆಗುತ್ತೆ. ವರ್ಷಪೂರ್ತಿ ದುಡಿದು ಬೆಳೆದ ಬೆಳೆ, ಒಂದು ಭಾನುವಾರದ ಕೆಲಸಕ್ಕೆ ಹಾಳು ಮಾಡ್ಕೋಬೇಡ. ಕಣದಿಂದ ಹರಿದ ನೀರು ಎಲ್ಲಿಗೆ ಹೋಗುತ್ತೆ ಅದನ್ನೂ ನೋಡು. ಕೆಳಗೆ ಗದ್ದೆ, ಗದ್ದೆ ಆಚೆ ಹಳ್ಳ. ಆ ಹಳ್ಳ ಹಾರಂಗಿಗೆ, ಹಾರಂಗಿ ಕೂಡಿಗೆ ಹತ್ರ ಕಾವೇರಿಗೆ. ಅಲ್ಲಿಂದ ಕೆಆರ್‌ಎಸ್. ಮೈಸೂರು, ಬೆಂಗಳೂರಿನವರು ಕುಡಿಯೋದೂ ಇದೇ ಕಾವೇರಿ ನೀರನ್ನ. ಅಷ್ಟು ದೂರ ಯಾಕೆ, ಅತ್ತಿಗೆ ಅಡುಗೆಗೆ ಸೇದೋ ಬಾವಿ ಕಣದ ಪಕ್ಕದಲ್ಲೇ ಇದೆಯಲ್ಲ.

ಅದಕ್ಕೆ ಗೊಬ್ಬರದ ಶೆಡ್ಡಿನ ಹಿಂದೆ ನಿಲ್ಲಿಸು, ಬಾವಿಯಿಂದ ಆದಷ್ಟು ದೂರ. ಕೆಳಗೆ ಹಳೇ ಟಾರ್ಪಾಲ್ ಹಾಸಿ, ಅಂಚು ನಾಲ್ಕೂ ಕಡೆ ಮಡಚಿ ಕೆಳಗೆ ಕೋಲು ಕೊಡು, ನೀರು ಆಚೆ ಹೋಗಬಾರದು. ಅದರ ಮೇಲೆ ಮರದ ಹೊಟ್ಟೋ ಭತ್ತದ ಹೊಟ್ಟೋ ದಪ್ಪಗೆ ಹರಡು. ಬಿದ್ದ ಎಣ್ಣೆ ಎಲ್ಲಾ ಅದೇ ಹೀರ್ಕೊಳ್ಳುತ್ತೆ. ಇಳಿಜಾರಿದ್ರೆ ಹ್ಯಾಂಡ್‌ಬ್ರೇಕ್ ಎಳೆದು, ಗೇರಲ್ಲಿ ಹಾಕಿ, ಚಕ್ರಕ್ಕೆ ಕಲ್ಲು ಕೊಡೋದು ಮರೀಬೇಡ.

ಭಾವ, ಪೆಟ್ರೋಲ್ ವಿಷಯಕ್ಕೆ ನೀವು ಬೇಸರ ಮಾಡ್ಕೋಬೇಡಿ. ಹಿಂದೆ ಗ್ಯಾರೇಜಲ್ಲಿ ಹಾಗೆ ಮಾಡ್ತಿದ್ರು, ಹೌದು. ಆದ್ರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ನೆಲ ಹಿಡ್ಕೊಂಡು ಹರಿಯುತ್ತೆ, ಕಣ್ಣಿಗೆ ಕಾಣಲ್ಲ. ನಮ್ಮ ಬಚ್ಚಲ ಒಲೇಲಿ ಬೆಳಗ್ಗೆಯಿಂದ ಸಂಜೆವರೆಗೂ ಕೆಂಡ ಇರುತ್ತೆ. ಆವಿ ಅಲ್ಲಿವರೆಗೂ ಹೋಯ್ತು ಅಂದ್ರೆ ಬೆಂಕಿ ಅದೇ ದಾರೀಲಿ ವಾಪಸ್ ಗಾಡಿಗೆ ಬರುತ್ತೆ, ಅಲ್ಲಿ ಹುಡುಗ ಬಾನೆಟ್ ಒಳಗೆ ತಲೆ ಹಾಕಿ ನಿಂತಿರ್ತಾನೆ. ದಯವಿಟ್ಟು ಬೇಡ ಭಾವ. ಸೀಮೆಎಣ್ಣೆ, ಡೀಸೆಲ್ ಅಷ್ಟು ಬೇಗ ಹತ್ತಲ್ಲ. ಆದ್ರೂ ಅವು ರಬ್ಬರ್ ಹೋಸು ಉಬ್ಬಿಸ್ತವೆ, ಮೇಲೆ ಒಂದು ಪದರ ಉಳಿದು ಬೇಗ ಮತ್ತೆ ಧೂಳು ಹಿಡಿಯುತ್ತೆ.

ಈಗ ಮೋಟರ್. ಹಳೇ ಡೀಸೆಲ್ ಎಂಜಿನ್‌ಗಳಲ್ಲಿ ಪಂಪಿಂದ ಹಿಡಿದು ಎಲ್ಲಾ ಮೆಕ್ಯಾನಿಕಲ್, ಎರಡು ವೈರ್ ಒದ್ದೆಯಾದ್ರೆ ಒರೆಸಿ ಸ್ಟಾರ್ಟ್ ಮಾಡಬಹುದಿತ್ತು. ನಿನ್ನದು ಬಿಎಸ್ 6, ಅಂದ್ರೆ ಹೊಸ ಹೊಗೆ ನಿಯಮದ, 2020ರ ಏಪ್ರಿಲ್ ಆದ್ಮೇಲಿನ ಗಾಡಿ. ಒಳಗೆ ಎಲ್ಲಿ ನೋಡಿದ್ರೂ ಸೆನ್ಸರ್, ಪ್ರತಿ ಸೆನ್ಸರಿಗೂ ಒಂದು ಪ್ಲಗ್ಗು. ಆ ಪ್ಲಗ್ಗಿಗೆ ಇರೋ ರಬ್ಬರ್ ಸೀಲು ಮಳೆ ನೀರು, ರಸ್ತೆ ನೀರು ತಡೆಯುತ್ತೆ. ಹತ್ತಿರದಿಂದ ಸೂಜಿ ಹಾಗೆ ನುಗ್ಗೋ ನೀರನ್ನ ತಡೆಯಲ್ಲ. ಒಳಗೆ ಹೋದ ನೀರು ಅವತ್ತೇ ತೊಂದರೆ ಕೊಡಲ್ಲ ಮಗ, ಅದೇ ಮೋಸ. ಪಿನ್ನಿನ ಮೇಲೆ ಹಸಿರು ಕಿಲುಬು ಹತ್ತಿ, ಕೊಯ್ಲು ಜೋರಾಗಿರೋ ಜನವರಿಯಲ್ಲಿ ಲೋಡ್ ತುಂಬ್ಕೊಂಡು ಕುಶಾಲನಗರದಲ್ಲಿ ಕಾಫಿ ಹದ ಮಾಡೋ ಕ್ಯೂರಿಂಗ್ ಕಾರ್ಖಾನೆಗೆ ಹೊರಟಾಗ ಚೆಕ್ ಎಂಜಿನ್ ಲೈಟು ಹತ್ತಿ ಗಾಡಿ ಎಳೆಯೋದು ಬಿಡುತ್ತೆ. ಯಾವ ಪ್ಲಗ್ಗು ಅಂತ ಹುಡುಕೋಕೇ ಮೆಕ್ಯಾನಿಕ್ಕಿಗೆ ದಿನ ಬೇಕು.

ಇನ್ನೊಂದು, ಆ ಮೋಟರಲ್ಲಿ ನಾವು ಮಳೆಗೆ ಮುಂಚೆ ಗಿಡದ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದಿದೀವಿ. ಡ್ರಮ್ಮಲ್ಲಿ, ಪೈಪಲ್ಲಿ ಮೈಲುತುತ್ತ, ಸುಣ್ಣ ಇನ್ನೂ ಅಂಟ್ಕೊಂಡಿರುತ್ತೆ. ತುತ್ತದಲ್ಲಿರೋದು ತಾಮ್ರ. ತಾಮ್ರದ ನೀರು ಅಲ್ಯೂಮಿನಿಯಂ ಮೇಲೆ ನಿಂತ್ರೆ ಅಲ್ಲಲ್ಲೇ ಗುಳಿ ಬೀಳುತ್ತೆ, ಸುಣ್ಣವೂ ಅದನ್ನ ತಿನ್ನುತ್ತೆ. ರೇಡಿಯೇಟರ್, ಆಲ್ಟರ್ನೇಟರ್ ಮೈ, ಎಂಜಿನ್ ಮೇಲಿನ ಎಷ್ಟೋ ಭಾಗ ಅಲ್ಯೂಮಿನಿಯಂದೇ. ಬಚ್ಚಲು ತೊಳೆಯೋ ಆಸಿಡ್, ಕಾಸ್ಟಿಕ್ ಸೋಡಾ ಇವನ್ನೂ ಹತ್ರ ತರಬೇಡ, ಅದೇ ಕಾರಣ.

ಸರಿ, ಹೇಗೆ ಮಾಡೋದು ಅಂತ ಹೇಳ್ತೀನಿ. ಹಿಂದಿನ ರಾತ್ರಿಯಿಂದ ಗಾಡಿ ನಿಂತಿರಲಿ. ಕಾದ ಎಂಜಿನ್ ಮೇಲೆ ತಣ್ಣೀರು ಬಿದ್ರೆ ಎರಕದ ಕಬ್ಬಿಣ ಸೀಳಬಹುದು, ಕೈಯೂ ಸುಡುತ್ತೆ. ಬೆಳಗ್ಗೆ ಬಾನೆಟ್ ಎತ್ತೋಕೆ ಮುಂಚೆ ಮೇಲೆ ಕೈಯಿಂದ ನಾಲ್ಕು ಸಲ ಜೋರಾಗಿ ಬಡಿ, ಸ್ವಲ್ಪ ಹೊತ್ತು ಬಿಡು. ಮಳೆಗಾಲದಲ್ಲಿ ಬೆಚ್ಚಗಿರೋ ಜಾಗ ಅಂತ ಇಲಿ ಸೇರುತ್ತೆ, ಇಲಿ ಹಿಂದೆ ಹಾವೂ ಬರುತ್ತೆ. ಎತ್ತಿದ ಮೇಲೆ ಟಾರ್ಚ್ ಬಿಟ್ಟು ನೋಡು, ಕೈ ಆಮೇಲೆ.

ಇಲಿ ಗೂಡು ಕಂಡ್ರೆ, ಇದನ್ನ ಅಣ್ಣನೂ ಕೇಳಿಸ್ಕೊಳ್ಳಿ, ಬರಿಗೈಯಲ್ಲಿ ಮುಟ್ಟಬಾರದು, ಗಾಳಿ ಹೊಡೆದು ಹಾರಿಸಲೂಬಾರದು. ಇಲಿ ಉಚ್ಚೆಯಿಂದ ಇಲಿ ಜ್ವರ ಬರುತ್ತೆ. ಕೈಯಲ್ಲಿ ಒಂದು ತರಚು ಗಾಯ ಇದ್ರೂ ಸಾಕು, ಕಣ್ಣಿಗೆ ಬಾಯಿಗೆ ಸಿಡಿದ್ರೂ ಸಾಕು. ತೋಟದ ಕೆಲಸದವರ ಕೈಯಲ್ಲಿ ಗೀರು ಇಲ್ಲದ ದಿನ ಯಾವುದು? ರಬ್ಬರ್ ಗ್ಲೌಸ್, ಮಾಸ್ಕ್, ಕನ್ನಡಕ ಹಾಕ್ಕೋ. ಗೂಡಿನ ಮೇಲೆ ಫಿನಾಯಿಲ್ ನೀರು ಚಿಮುಕಿಸಿ ಪೂರ್ತಿ ನೆನೆಯೋಕೆ ಬಿಟ್ಟು, ಕವರಲ್ಲಿ ಎತ್ತಿ ಕಟ್ಟಿಬಿಡು. ಆಮೇಲೆ ಒಂದು ತಿಂಗಳೊಳಗೆ ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಏನಾದ್ರೂ ಕಾಣಿಸಿದ್ರೆ ಆಸ್ಪತ್ರೆಯಲ್ಲಿ ಇಲಿ ಗೂಡು ತೆಗೆದಿದ್ದೆ ಅಂತ ಮೊದಲೇ ಹೇಳು. ಹೇಳಿದ್ರೆ ಡಾಕ್ಟರು ಸರಿಯಾದ ಟೆಸ್ಟ್ ಬರೀತಾರೆ. ಹಾಗೇ ವೈರ್ ಕಡಿದಿದೆಯಾ ನೋಡು. ಕಡಿದ ವೈರ್ ಇದ್ರೆ ಅದನ್ನ ರಿಪೇರಿ ಮಾಡಿಸೋವರೆಗೂ ಒಂದು ಹನಿ ನೀರೂ ಬೇಡ.

ಏನೂ ಒರೆಸೋಕೆ ಮುಂಚೆ ಫೋನಲ್ಲಿ ಫೋಟೋ ತೆಗಿ, ಎಲ್ಲಾ ಕಡೆಯಿಂದ. ಕೊಳೆ ಎಲ್ಲಿ ಒದ್ದೆಯಾಗಿದೆ, ಎಲ್ಲಿ ಒಣಗಿದೆ ಅನ್ನೋದೇ ಲೀಕ್ ಎಲ್ಲಿದೆ ಅಂತ ಹೇಳುತ್ತೆ. ತೊಳೆದಾದ ಮೇಲೆ ಆ ಸುಳಿವು ಸಿಗಲ್ಲ.

ಕೀ ತೆಗೆದು ಐದು ನಿಮಿಷ ಬಿಟ್ಟು ಬ್ಯಾಟರಿ ಬಿಚ್ಚು. ಮೊದಲು ಮೈನಸ್, ಆಮೇಲೆ ಪ್ಲಸ್. ಪ್ಲಸ್ ಮೊದಲು ಬಿಚ್ಚೋಕೆ ಹೋಗಿ ಸ್ಪ್ಯಾನರ್ ಗಾಡಿ ಮೈಯ ಲೋಹಕ್ಕೆ ತಾಗಿದ್ರೆ ದೊಡ್ಡ ಕಿಡಿ ಹಾರುತ್ತೆ. ವಾಪಸ್ ಹಾಕೋವಾಗ ಮೈನಸ್ ಕೊನೆಗೆ.

ಆಮೇಲೆ ಕಟ್ಟೋ ಕೆಲಸ. ಯೂರಿಯಾ ಚೀಲದ ಒಳಗಿನ ಪ್ಲಾಸ್ಟಿಕ್ ಚೆನ್ನಾಗಿ ಒರೆಸ್ಕೊಂಡು ಕತ್ತರಿಸ್ಕೋ, ಹಳೇ ಟ್ಯೂಬಿನ ಪಟ್ಟಿಯಲ್ಲಿ ಬಿಗಿ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಎಂಜಿನ್ ನಡೆಸೋ ಕಂಪ್ಯೂಟರ್ ಇರೋ ಇಸಿಯು ಡಬ್ಬ, ಬ್ರೇಕ್ ಆಯಿಲ್ ಡಬ್ಬದ ಮುಚ್ಚಳ, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ ಏರ್ ಫಿಲ್ಟರಿಗೆ ಗಾಳಿ ಎಳೆಯೋ ಬಾಯಿ. ಅಲ್ಲಿಂದ ನೀರು ಸಿಲಿಂಡರಿಗೆ ಇಳಿದ್ರೆ, ನೀರು ಗಾಳಿ ಹಾಗೆ ಅದುಮಿದ್ರೆ ಕುಗ್ಗಲ್ಲ, ಸ್ಟಾರ್ಟ್ ಮಾಡಿದ ತಕ್ಷಣ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಆಗ ಎಂಜಿನ್ ಕೆಳಗಿಳಿಸಬೇಕು. ಆಯಿಲ್ ಅಳೆಯೋ ಡಿಪ್‌ಸ್ಟಿಕ್, ಆಯಿಲ್ ಮುಚ್ಚಳ ಬಿಗಿಯಾಗಿದೆಯಾ ನೋಡು. ಎಷ್ಟು ಕವರ್ ಕಟ್ಟಿದೀಯ ಅಂತ ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗಿಗೆ ಅಂಟಿಸು, ತೆಗೆಯೋವಾಗ ಲೆಕ್ಕ ಸಿಗಬೇಕು.

ಕೆಲಸ ಮುಕ್ಕಾಲು ಭಾಗ ನೀರೇ ಇಲ್ಲದೆ ಆಗುತ್ತೆ, ನಂಬು. ಎಲೆ ಕಸ ಕೈಯಿಂದ ಆರಿಸು. ಹೆಪ್ಪುಗಟ್ಟಿರೋ ಕೆಸರನ್ನ ಬಿದಿರ ಸೀಳಲ್ಲಿ ಕೆರೆದು ಉದುರಿಸು, ಬಿದಿರು ಹೋಸನ್ನೂ ವೈರನ್ನೂ ಕೊಯ್ಯಲ್ಲ. ತಂತಿ ಬ್ರಷ್ ಬೇಡ. ಪೇಂಟ್ ಬ್ರಷ್ಷಲ್ಲಿ ಧೂಳು ಗುಡಿಸು. ಇದಕ್ಕೇ ಒಂದು ಗಂಟೆ ಕೊಡು, ಅವಸರ ಮಾಡ್ಬೇಡ. ಜಿಡ್ಡಿಗೆ ನೀರಲ್ಲಿ ಕರಗೋ ಡಿಗ್ರೀಸರ್ ಸ್ಪೇರ್ ಪಾರ್ಟ್ಸ್ ಅಂಗಡೀಲಿ ಸಿಗುತ್ತೆ. ಇಲ್ಲಾಂದ್ರೆ ಪಾತ್ರೆ ತೊಳೆಯೋ ಲಿಕ್ವಿಡ್ಡನ್ನ ಬಿಸಿನೀರಲ್ಲಿ ಕಲಸ್ಕೋ, ಸಾಕು. ಬ್ರಷ್ಷಿಗೆ ಅದ್ದಿ ಜಿಡ್ಡಿರೋ ಕಡೆ ಮಾತ್ರ ಹಚ್ಚು, ಐದರಿಂದ ಹತ್ತು ನಿಮಿಷ ನೆನೆಯಲಿ, ಒಣಗೋಕೆ ಬಿಡಬೇಡ, ಉಜ್ಜು, ಬಟ್ಟೆಯಲ್ಲಿ ಒರೆಸು. ಮೂಲೆ ಸಂದಿಗೆ ಹಳೇ ಹಲ್ಲುಜ್ಜೋ ಬ್ರಷ್. ಬೆಲ್ಟಿನ ಮೇಲೆ ಸೋಪು, ಎಣ್ಣೆ ಎರಡೂ ಬೀಳಬಾರದು, ಜಾರುತ್ತೆ.

ಕೊನೆಗೆ ನೀರು ಹಾಕಲೇಬೇಕು ಅನ್ಸಿದ್ರೆ ನರ್ಸರಿ ಸಸಿಗೆ ನೀರು ಹಾಕೋ ಕ್ಯಾನ್ ಇದೆಯಲ್ಲ, ಆ ತೂತಿನ ಮೂತಿದು, ಅದರಲ್ಲಿ ಮೆಲ್ಲಗೆ, ಎಂಜಿನ್ನಿನ ಕೆಳಭಾಗಕ್ಕೆ ಮಾತ್ರ. ಮೇಲೆಲ್ಲಾ ಹಿಂಡಿದ ಒದ್ದೆ ಬಟ್ಟೆ ಸಾಕು. ಎಂಜಿನ್ ಓಡ್ತಾ ಇರೋವಾಗ ತೊಳೆದ್ರೆ ಬೇಗ ಒಣಗುತ್ತೆ ಅಂತ ಯಾರಾದ್ರೂ ಹೇಳ್ತಾರೆ, ಕೇಳಬೇಡ. ಫ್ಯಾನು, ಬೆಲ್ಟು ತಿರುಗ್ತಿರುತ್ತೆ, ಬಟ್ಟೆ ಸಿಕ್ಕಿದ್ರೆ ಬೆರಳು ಹೋಗುತ್ತೆ. ಡೀಸೆಲ್ ಪೈಪಲ್ಲಿ ಭಾರೀ ಒತ್ತಡ ಇರುತ್ತೆ, ಎಲ್ಲೋ ಸಣ್ಣ ಬಿರುಕಿದ್ರೆ ಆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ.

ಒರೆಸಿದ ಮೇಲೆ ಕವರ್ ತೆಗೆದು, ಚೀಟಿ ಲೆಕ್ಕ ನೋಡಿ, ಬಾನೆಟ್ ತೆರೆದೇ ಬಿಸಿಲಲ್ಲಿ ಎರಡು ಮೂರು ಗಂಟೆ ಬಿಡು. ಪಂಕ್ಚರ್ ಅಂಗಡಿ ಕಂಪ್ರೆಸರ್ ಇದ್ರೆ ದೂರದಿಂದ ಗಾಳಿ ಹೊಡಿ, ಪ್ಲಗ್ಗಿಗೆ ನೇರ ಬೇಡ. ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ ಹತ್ತು ಹದಿನೈದು ನಿಮಿಷ ಐಡ್ಲಲ್ಲಿ ಬಿಡು. ಉಳಿದ ತೇವ ಸ್ವಲ್ಪ ಆವಿಯಾಗುತ್ತೆ, ಹೆದರಬೇಡ. ಆದ್ರೆ ಸುಟ್ಟ ವಾಸನೆ ಬಂದ್ರೆ, ಡ್ಯಾಶಲ್ಲಿ ಲೈಟ್ ಉಳ್ಕೊಂಡ್ರೆ ಆಫ್ ಮಾಡಿ ನನಗೆ ಫೋನ್ ಮಾಡು.

ಹೊಟ್ಟು, ಜಿಡ್ಡಿನ ಬಟ್ಟೆ ಎಲ್ಲಾ ಒಂದು ಹಳೇ ಡಬ್ಬದಲ್ಲಿ ತುಂಬಿಸಿ ಮುಚ್ಚಿಡು. ಬಚ್ಚಲ ಒಲೆಗೂ ಬೇಡ, ಗೊಬ್ಬರದ ಗುಂಡಿಗೂ ಬೇಡ. ಕರಿ ಆಯಿಲ್ ಸಂಗ್ರಹಿಸೋ ಗ್ಯಾರೇಜಲ್ಲಿ ಕೇಳಿ ಕೊಟ್ಟುಬಿಡೋಣ, ನಾನು ಪೇಟೆಗೆ ಹೋಗೋವಾಗ ತಗೊಂಡು ಹೋಗ್ತೀನಿ.

ಎಫ್‌ಸಿಗೆ ಹೋಗೋಕೆ ಮುಂಚೆ ಮೂರು ನಾಲ್ಕು ದಿನ ಗಾಡಿ ಓಡಿಸು, ಲೋಡ್ ಸಮೇತ. ದಿನಾ ಸಂಜೆ ಬಾನೆಟ್ ಎತ್ತಿ ನೋಡು. ಕ್ಲೀನಾಗಿರೋ ಎಂಜಿನ್ ಮೇಲೆ ಹೊಸದಾಗಿ ಎಲ್ಲಿ ಒದ್ದೆ ಕಾಣುತ್ತೋ ಲೀಕ್ ಅಲ್ಲೇ, ಇಲ್ಲಾ ಅದರ ಸ್ವಲ್ಪ ಮೇಲೆ. ಮೊದಲು ತೆಗೆದ ಫೋಟೋ ಪಕ್ಕ ಇಟ್ಟು ನೋಡು, ಎರಡೂ ಇಲ್ಲಿ ಗ್ರೂಪಿಗೇ ಹಾಕು. ಭಾನುವಾರ ಮಧ್ಯಾಹ್ನದ ಮೇಲೆ ಮೋಡ ಕಟ್ಟೋ ಹಾಗಿದ್ರೆ ಶುರುವೇ ಮಾಡ್ಬೇಡ, ಒಣಗೋಕೆ ಬಿಸಿಲು ಬೇಕು. ಹಾಗಾದ್ರೆ ಅದರ ಮುಂದಿನ ಭಾನುವಾರಕ್ಕೆ ಇಟ್ಕೋ, ನಾನೂ ಬರ್ತೀನಿ.