ಸಹಾಯ ಬೇಕು: ಪಟ್ಟಿ ಮಡಚಿಸಿ ಭಿನ್ನರಾಶಿ ಮೌಲ್ಯಮಾಪನ, ಅಂಕ ಹಾಕೋದು ಹೇಗೆ?

ಟೀಚರ್ಸ್, 7ನೇ ತರಗತಿ, 40 ಮಕ್ಕಳು, 40 ನಿಮಿಷದ ಪೀರಿಯಡ್. ಕಿರುಪರೀಕ್ಷೆ ಬದಲು ನಾಲ್ವರ ಗುಂಪಿಗೆ 24 ಸೆಂ.ಮೀ. ಉದ್ದದ ಎರಡು ಕಾಗದದ ಪಟ್ಟಿ. ಒಂದರಿಂದ ಅರ್ಧ (12), ಇನ್ನೊಂದರಿಂದ ಮೂರನೇ ಒಂದು ಭಾಗ (8) ಮಡಚಿ ಕತ್ತರಿಸಿ ಜೋಡಿಸಿದರೆ 20 ಸೆಂ.ಮೀ., ಅಂದರೆ 1/2 + 1/3 = 5/6. ಮೇಲಿನ ಅಂಕಿ, ಕೆಳಗಿನ ಅಂಕಿ ಬೇರೆ ಬೇರೆ ಕೂಡಿಸಿ ಉತ್ತರ 2/5 ಅಂತ ಬರೆದ ಮಗುವಿಗೆ ಅದು ಅರ್ಧಕ್ಕಿಂತಲೂ ಚಿಕ್ಕದು ಅಂತ ಪಟ್ಟಿಯೇ ತೋರಿಸಿಬಿಡುತ್ತೆ. ಪ್ರಶ್ನೆಪತ್ರಿಕೆಯಿಂದ ಇದು ಆಗಲ್ಲ ಬಿಡಿ.

ತೊಂದರೆ ಇರೋದು ಅಂಕದಲ್ಲಿ. ಚುರುಕಾದ ಒಬ್ಬರೇ ಮಡಚ್ತಾರೆ, ಮೂವರು ನೋಡ್ತಾ ಕೂರ್ತಾರೆ. ಒಬ್ಬೊಬ್ಬರನ್ನೇ ಕರೆದು ಕೇಳಿದರೆ, ತಲೆಗೆ 3 ನಿಮಿಷ ಅಂದರೂ 2 ಗಂಟೆ. ಕೊನೆಗೆ ಬೇರೆ ಬೇರೆ ಲೆಕ್ಕದ ಚೀಟಿ ಕೊಟ್ಟರೆ ಅದು ಮತ್ತೆ ಪರೀಕ್ಷೆಯೇ!

ಗುಂಪಿನ ಕೆಲಸದಲ್ಲಿ ಪ್ರತಿ ಮಗುವಿನ ಅಂಕ ಬೇರ್ಪಡಿಸುವ ರೂಬ್ರಿಕ್ (ಯಾವುದಕ್ಕೆ ಎಷ್ಟು ಅಂಕ ಅನ್ನೋ ಕೋಷ್ಟಕ) ಬಳಸ್ತಿದ್ದರೆ ದಯವಿಟ್ಟು ಫೋಟೋ ಹಾಕಿ. ಮುಂದಿನ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಒಳಗೆ ಬೇಕಿತ್ತು.