ಜರ್ಮನ್ ಕಾಫಿ ಗ್ರೈಂಡರ್ ಕೈಪಿಡಿ ಇಂಗ್ಲಿಷಿಗೆ: ಮಾಲ್‌ಗ್ರಾಡ್‌ಗೆ ಏನು ಬರೆಯಲಿ?

ನೆಕರ್‌ದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹೈಲ್‌ಬ್ರಾನ್‌ನಲ್ಲಿದ್ದೇನೆ. ಜರ್ಮನ್ ಕೈಪಿಡಿಗಳನ್ನು ಇಂಗ್ಲಿಷಿಗೆ ಅನುವಾದ ಮಾಡುವುದು ನನ್ನ ಕೆಲಸ. ಇಷ್ಟು ದಿನ ಪಂಪು, ವಾಲ್ವು ಇಂಥವೇ ಬರುತ್ತಿದ್ದವು. ಈಗ ಮೊದಲ ಸಲ ಎಸ್‌ಪ್ರೆಸೊ ಗ್ರೈಂಡರ್ ಒಂದರ ಕೈಪಿಡಿ ಬಂದಿದೆ. ಓದುವವರು ಇಂಗ್ಲೆಂಡಿನವರು, ಮನೆಯಲ್ಲೇ ಕಾಫಿ ಮಾಡಿಕೊಳ್ಳುವವರು.

ಪುಟಪುಟಕ್ಕೂ ಮಾಲ್‌ಗ್ರಾಡ್ ಅನ್ನುವ ಪದ ಇದೆ. ಪದ ಬಿಡಿಸಿದರೆ ‘ಗ್ರೈಂಡಿಂಗ್ ಡಿಗ್ರಿ’ ಆಗುತ್ತದೆ. ವ್ಯಾಕರಣ ಸರಿ ಇದೆ, ಆದರೆ ಕಾಫಿ ಮಾಡುವ ಇಂಗ್ಲಿಷರ ಬಾಯಲ್ಲಿ ನಾನು ಅದನ್ನು ಕೇಳಿಲ್ಲ. ಹಾಗೇ ಮಾಲ್‌ವೆರ್ಕ್‌ಗೆ ‘ಗ್ರೈಂಡಿಂಗ್ ಮೆಕ್ಯಾನಿಸಂ’, ಮಾಲ್‌ಗೂಟ್‌ಗೆ ‘ಗ್ರೈಂಡಿಂಗ್ ಮೆಟೀರಿಯಲ್’ ಅಂತ ಬರೆದರೆ ಸಿಮೆಂಟ್ ಕಾರ್ಖಾನೆಯ ಕಾಗದ ಓದಿದ ಹಾಗಿರುತ್ತದೆ. ಮುಖ್ಯವಾಗಿ ಈ ಸಾಲು ನೋಡಿ: ‘ಮಾಲ್‌ಗ್ರಾಡ್ ನೂರ್ ಬೈ ಲೌಫೆಂಡೆಮ್ ಮಾಲ್‌ವೆರ್ಕ್ ಫೈನರ್ ಶ್ಟೆಲೆನ್.’ ಗ್ರೈಂಡರ್ ಓಡುತ್ತಿರುವಾಗ ಮಾತ್ರ ಇನ್ನಷ್ಟು ನುಣುಪಿಗೆ ತಿರುಗಿಸಿ ಅಂತ ಅರ್ಥ. ಇದನ್ನು ಸಹಜವಾಗಿ ಹೇಗೆ ಹೇಳಬಹುದು?

ಹುರಿದಬೀಜ ಬರೆದದ್ದು:

ನಾನು ಹ್ಯಾಂಬರ್ಗ್‌ನಲ್ಲಿ ಅಡುಗೆಮನೆ ಯಂತ್ರಗಳ ಕೈಪಿಡಿ ಬರೆಯುವವನು. ಕಾಫಿ ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

ಮಾಲ್‌ಗ್ರಾಡ್‌ಗೆ ಒಂದೇ ಇಂಗ್ಲಿಷ್ ಪದ ಹುಡುಕಬೇಡಿ. ಜರ್ಮನ್ನರು ಆ ಒಂದು ಪದದಲ್ಲಿ ಎರಡು ಬೇರೆ ವಸ್ತುಗಳನ್ನು ಹೇಳುತ್ತಾರೆ. ಪುಡಿ ಎಷ್ಟು ನುಣ್ಣಗಿದೆ, ಎಷ್ಟು ತರಿಯಾಗಿದೆ ಅನ್ನುವುದು ಒಂದು. ಅದು ‘ಗ್ರೈಂಡ್ ಸೈಜ್’, ಅಥವಾ ಬರೀ ‘ಗ್ರೈಂಡ್’. ಗ್ರೈಂಡರ್ ಮೇಲಿನ ರಿಂಗ್ ಯಾವ ಗೆರೆಯಲ್ಲಿ ನಿಂತಿದೆ ಅನ್ನುವುದು ಇನ್ನೊಂದು. ಅದು ‘ಗ್ರೈಂಡ್ ಸೆಟ್ಟಿಂಗ್’. ಹಾಗಾಗಿ ಪ್ರತಿ ಸಾಲಿನಲ್ಲೂ ಕೇಳಿಕೊಳ್ಳಿ: ಓದುವವರ ಕೈ ಈಗ ಎಲ್ಲಿದೆ? ರಿಂಗ್ ಮೇಲಿದ್ದರೆ ಸೆಟ್ಟಿಂಗ್. ಪುಡಿ ನೋಡುತ್ತಿದ್ದರೆ ಸೈಜ್.

ಎಷ್ಟೋ ಕಡೆ ನಾಮಪದವೇ ಬೇಡ. ‘ಎಸ್‌ಪ್ರೆಸೊ ಬೇಗ ಸುರಿದುಹೋದರೆ ಮಾಲ್‌ಗ್ರಾಡ್ ಅನ್ನು ಫೈನರ್ ಮಾಡಿ’ ಅಂತ ಜರ್ಮನ್‌ನಲ್ಲಿ ಇರುತ್ತದೆ. ಇಂಗ್ಲಿಷಿನಲ್ಲಿ ಎರಡೇ ಪದ ಸಾಕು: ‘ಗ್ರೈಂಡ್ ಫೈನರ್’. ಜರ್ಮನ್ ವಾಕ್ಯದ ಭಾರವನ್ನೆಲ್ಲ ನಾಮಪದ ಹೊರುತ್ತದೆ, ಇಂಗ್ಲಿಷಿನಲ್ಲಿ ಆ ಕೆಲಸ ಕ್ರಿಯಾಪದದ್ದು. ನಿಮ್ಮ ಕೈಪಿಡಿ ಸಹಜವಾಗುವುದು ಜಾಸ್ತಿ ಇದರಿಂದಲೇ.

ಮಾಲ್‌ವೆರ್ಕ್ ಕೂಡ ಹೀಗೇ. ಬೀಜ ಅರೆಯುವ ಲೋಹದ ಹಲ್ಲುಗಳ ಬಗ್ಗೆ ಮಾತಾದರೆ ‘ಬರ್ಸ್’. ಕೇಗಲ್‌ಮಾಲ್‌ವೆರ್ಕ್ ಅಂದರೆ ‘ಕೋನಿಕಲ್ ಬರ್ಸ್’, ಶೈಬೆನ್‌ಮಾಲ್‌ವೆರ್ಕ್ ಅಂದರೆ ‘ಫ್ಲ್ಯಾಟ್ ಬರ್ಸ್’. ಶೈಬೆ ಅಂದರೆ ಡಿಸ್ಕ್ ಅಂತ ‘ಡಿಸ್ಕ್ ಗ್ರೈಂಡರ್’ ಬರೆದರೆ ವರ್ಕ್‌ಶಾಪಿನ ಯಂತ್ರ ನೆನಪಾಗುತ್ತದೆ. ಬರ್ ಬದಲು ಶ್ಲಾಗ್‌ಮೆಸರ್, ಅಂದರೆ ತಿರುಗುತ್ತಾ ಬೀಜ ಕತ್ತರಿಸುವ ಬ್ಲೇಡ್ ಇದ್ದರೆ ಅದು ‘ಬ್ಲೇಡ್ ಗ್ರೈಂಡರ್’. ಮಾಲ್‌ವೆರ್ಕ್ ಓಡುತ್ತಿದೆ, ನಿಂತಿದೆ ಅನ್ನುವ ಕಡೆ ಮಾತ್ರ ‘ಗ್ರೈಂಡರ್’ ಅನ್ನಿ. ಹಾಗಾಗಿ ನಿಮ್ಮ ಸಾಲು ಹೀಗಾಗುತ್ತದೆ: ‘ಓನ್ಲಿ ಅಡ್ಜಸ್ಟ್ ಟು ಎ ಫೈನರ್ ಸೆಟ್ಟಿಂಗ್ ವೈಲ್ ದ ಗ್ರೈಂಡರ್ ಈಸ್ ರನ್ನಿಂಗ್.’

ಈ ಸಾಲಿನಲ್ಲಿ ‘ಫೈನರ್’ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಗ್ರೈಂಡರ್ ನಿಂತಾಗ ಎರಡು ಬರ್‌ಗಳ ನಡುವೆ ಬೀಜದ ಚೂರು, ಪುಡಿ ಉಳಿದಿರುತ್ತದೆ. ಆಗ ರಿಂಗನ್ನು ನುಣುಪಿನ ಕಡೆ ತಿರುಗಿಸಿದರೆ ಬರ್‌ಗಳು ಹತ್ತಿರ ಬಂದು ಅದನ್ನು ಅದುಮುತ್ತವೆ. ಮತ್ತೆ ಆನ್ ಮಾಡಿದಾಗ ಮೋಟರ್ ತಿರುಗದೆ ಕಚ್ಚಿಕೊಳ್ಳಬಹುದು. ತರಿಯ ಕಡೆ ತಿರುಗಿಸಿದರೆ ಬರ್‌ಗಳು ದೂರ ಸರಿಯುತ್ತವೆ, ಈ ತೊಂದರೆ ಇಲ್ಲ.

ಪೀಬೆರಿ ಬರೆದದ್ದು:

ನಾನು ಬ್ರಿಸ್ಟಲ್‌ನಲ್ಲಿ ಕಾಫಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ಊರು ಮೂಡಿಗೆರೆ. ಮೇಲೆ ಹೇಳಿದ್ದೆಲ್ಲ ಸರಿ. ಒಂದು ಎಚ್ಚರ ಮಾತ್ರ ಸೇರಿಸುತ್ತೇನೆ, ಇದು ನಮ್ಮಂಥವರಿಗೇ ಹೆಚ್ಚು ಬೇಕಾದದ್ದು.

ಕಾಫೇಮೇಲ್ ಅಂತ ಬಂದಾಗ ನಮ್ಮ ಕೈ ತಾನಾಗೇ ‘ಕಾಫಿ ಪೌಡರ್’ ಅಂತ ಬರೆಯುತ್ತದೆ. ನಮಗೆ ಕಾಫಿ ಪುಡಿ ಅಂದರೆ ಫಿಲ್ಟರಿಗೆ ಹಾಕುವ ಪುಡಿ, ಬೇರೆ ಅರ್ಥವೇ ಇಲ್ಲ ಅಲ್ವಾ? ಇಲ್ಲಿನವರಿಗೆ ಆ ಮಾತು ಕೇಳಿದರೆ ಬಿಸಿನೀರಿಗೆ ಹಾಕಿ ಕಲಕುವ ಇನ್‌ಸ್ಟಂಟ್ ಕಾಫಿ ನೆನಪಾಗುತ್ತದೆ. ‘ಗ್ರೌಂಡ್ ಕಾಫಿ’ ಅಂತಲೇ ಬರೆಯಿರಿ. ಮೇಲ್ ಅಂದರೆ ಹಿಟ್ಟು ಅಂತ ‘ಕಾಫಿ ಫ್ಲೋರ್’ ಬರೆದರೂ ತಪ್ಪಾಗುತ್ತದೆ. ಆ ಹೆಸರಿನ ಪದಾರ್ಥ ಬೇರೆಯೇ ಇದೆ, ಕಾಫಿ ಹಣ್ಣಿನ ಸಿಪ್ಪೆ, ತಿರುಳು ಒಣಗಿಸಿ ಮಾಡುವ ಹಿಟ್ಟು.

ನೆಕರ್‌ದಂಡೆ ಬರೆದದ್ದು:

ಇಬ್ಬರಿಗೂ ತುಂಬಾ ಧನ್ಯವಾದ. ‘ಕೈ ಎಲ್ಲಿದೆ’ ಅನ್ನುವ ಪ್ರಶ್ನೆ ಇಟ್ಟುಕೊಂಡು ಮೊದಲ ಅಧ್ಯಾಯ ಮತ್ತೆ ಬರೆದೆ, ಮಾಲ್‌ಗ್ರಾಡ್ ಇದ್ದ ಅರ್ಧ ಕಡೆ ಕ್ರಿಯಾಪದವೇ ಸಾಕಾಯಿತು. ಉಳಿದವು ಇವು: ಮಾಲ್‌ಗೂಟ್, ಜೀಬ್‌ಟ್ರೇಗರ್, ಬೆಟ್ಸೂಗ್, ಟೋಟ್‌ರೌಮ್. ಬೆಟ್ಸೂಗ್ ಹುಡುಕಿದರೆ ದಿಂಬಿನ ಕವರಿನವರೆಗೂ ಅರ್ಥಗಳು ಬರುತ್ತಿವೆ.

ಹುರಿದಬೀಜ ಬರೆದದ್ದು:

ಬೆಟ್ಸೂಗ್ ಇಲ್ಲಿ ಯಂತ್ರದಿಂದ ಒಂದು ಸಲ ಕಾಫಿ ಇಳಿಸಿಕೊಳ್ಳುವುದು. ಎಸ್‌ಪ್ರೆಸೊ ಆದ್ದರಿಂದ ‘ಶಾಟ್’. ಬೆಟ್ಸೂಗ್ಸ್‌ಟ್ಸೈಟ್ ಅಂತ ಬಂದರೆ ‘ಶಾಟ್ ಟೈಮ್’.

ಜೀಬ್‌ಟ್ರೇಗರ್ ಪುಡಿ ತುಂಬಿ ಯಂತ್ರಕ್ಕೆ ಸಿಕ್ಕಿಸುವ, ಹಿಡಿಕೆ ಇರುವ ಭಾಗವಾದರೆ ‘ಪೋರ್ಟಾಫಿಲ್ಟರ್’. ಆದರೆ ಜರ್ಮನ್ನರು ಇಡೀ ಯಂತ್ರಕ್ಕೂ ಸುಮ್ನೆ ಜೀಬ್‌ಟ್ರೇಗರ್ ಅಂದುಬಿಡುತ್ತಾರೆ. ‘ನಿಮ್ಮ ಜೀಬ್‌ಟ್ರೇಗರ್ ಪಕ್ಕದಲ್ಲಿ ಗ್ರೈಂಡರ್ ಇಡಿ’ ಅಂತ ಇದ್ದರೆ ಅದು ‘ಎಸ್‌ಪ್ರೆಸೊ ಮಷೀನ್’.

ಟೋಟ್‌ರೌಮ್ ಅಂದರೆ ಒಳಗೆ ಪುಡಿ ಸಿಕ್ಕಿಕೊಳ್ಳುವ ಜಾಗ. ಇಂಗ್ಲಿಷಿನವರು ಜಾಗದ ಬಗ್ಗೆ ಹೇಳುವುದಕ್ಕಿಂತ ಸಿಕ್ಕಿಕೊಂಡ ಪುಡಿಯ ಬಗ್ಗೆ ಹೇಳುತ್ತಾರೆ: ‘ರಿಟೆನ್ಷನ್’. ‘ಗೆರಿಂಗರ್ ಟೋಟ್‌ರೌಮ್’ ಅಂದರೆ ‘ಲೋ ರಿಟೆನ್ಷನ್’. ಇಲ್ಲಿ ಜಾಗ ಅನ್ನುವ ಅರ್ಥ ಬಿಟ್ಟುಹೋದರೂ ಚಿಂತೆಯಿಲ್ಲ.

ಮಾಲ್‌ಗೂಟ್‌ನಲ್ಲಿ ಮಾತ್ರ ಜಾಗ್ರತೆ ಬೇಕು. ಆಗಷ್ಟೇ ಬೀಸಿದ ಪುಡಿಗೆ ಮಾಲ್‌ಗೂಟ್, ಕಾಫಿ ಇಳಿಸಿದ ಮೇಲೆ ಉಳಿಯುವ ಚರಟಕ್ಕೆ ಕಾಫೇಜಾಟ್ಸ್. ಜರ್ಮನ್‌ನಲ್ಲಿ ಎರಡೂ ಬೇರೆ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಗ್ರೌಂಡ್ಸ್’ ಸಲ್ಲುತ್ತದೆ. ‘ಎಂಪ್ಟಿ ದ ಗ್ರೌಂಡ್ಸ್ ಕಂಟೇನರ್’ ಅಂತ ಬರೆದರೆ ಮನೆಯವರು ತಾಜಾ ಪುಡಿಯನ್ನು ಕಸಕ್ಕೆ ಸುರಿಯಬಹುದು. ಚರಟವಾದರೆ ‘ಯೂಸ್ಡ್ ಗ್ರೌಂಡ್ಸ್’, ತಾಜಾ ಪುಡಿಯಾದರೆ ‘ಗ್ರೌಂಡ್ ಕಾಫಿ’ ಅಂತ ಕೈಪಿಡಿಯ ಉದ್ದಕ್ಕೂ ಒಂದೇ ರೀತಿ ಇಟ್ಟುಕೊಳ್ಳಿ.

ಪೀಬೆರಿ ಬರೆದದ್ದು:

ಇನ್ನೊಂದು. ‘ಮ್ಯೂಲೆ ಐನ್‌ಶ್ಟೆಲೆನ್’ ಅನ್ನುವ ಅಧ್ಯಾಯ ಇದ್ದೇ ಇರುತ್ತದೆ. ಶಾಟ್ ಇಳಿಸಿ, ರುಚಿ ನೋಡಿ, ಸೆಟ್ಟಿಂಗ್ ಸ್ವಲ್ಪ ಬದಲಿಸಿ, ಮತ್ತೆ ಇಳಿಸುವ ಕೆಲಸಕ್ಕೆ ನಾವು ‘ಡಯಲಿಂಗ್ ಇನ್’ ಅನ್ನುತ್ತೇವೆ. ಶೀರ್ಷಿಕೆಗೆ ‘ಡಯಲಿಂಗ್ ಇನ್ ಯುವರ್ ಗ್ರೈಂಡರ್’ ಇಡಿ, ಕೆಳಗೆ ಒಂದು ಸಾಲಿನಲ್ಲಿ ಅದೇನು ಅಂತ ಹೇಳಿ. ಹೊಸಬರಿಗೂ ತಿಳಿಯುತ್ತದೆ.

ನೆಕರ್‌ದಂಡೆ ಬರೆದದ್ದು:

ಆ ಅಧ್ಯಾಯ ಇದೆ, ಏಳನೆಯದು. ಶೀರ್ಷಿಕೆ ಹಾಗೇ ಇಟ್ಟೆ. ‘ಗ್ರೌಂಡ್ಸ್’ ಬಂದ ಕಡೆಯೆಲ್ಲ ಈಗ ಒಂದೊಂದಾಗಿ ನೋಡುತ್ತಿದ್ದೇನೆ.