ಹಿಂದಿನ ಸೀಟಿನ ಬೆನ್ನುನೋವಿಗೆ ಯಾವ ಸಸ್ಪೆನ್ಷನ್?

ಪ್ರಶ್ನೆ: ಹಾಸನದ ಅಧ್ಯಾಪಕಿ

ನಮ್ಮದು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 94,000 ಕಿ.ಮೀ. ಓಡಿದೆ. ಅಮ್ಮನಿಗೆ ಸೊಂಟದ ಡಿಸ್ಕ್ ತೊಂದರೆ. ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಶಿರಾಡಿ ಘಾಟಿ ಇಳಿಯುವ ಹೊತ್ತಿಗೆ ಅವರು ಎರಡೂ ಕೈಯಲ್ಲಿ ಮುಂದಿನ ಸೀಟನ್ನು ಹಿಡಿದು ಕುಳಿತಿರುತ್ತಾರೆ. ಕಾರು ಓಡಿಸುವ ನನಗೆ ಅಷ್ಟು ಗೊತ್ತಾಗುವುದಿಲ್ಲ, ಪೆಟ್ಟೆಲ್ಲ ಹಿಂದೆಯೇ.

ಮೂರು ಕಡೆ ವಿಚಾರಿಸಿದೆ. ಒಬ್ಬರು ಎತ್ತರವನ್ನೂ ಬಿಗಿತವನ್ನೂ ತಿರುಗಿಸಿ ಹೊಂದಿಸಬಹುದಾದ, ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಕೂಡಿರುವ ಕಾಯಿಲ್‌ಓವರ್ ಸೆಟ್ ಹಾಕಿಸಿ, ಬಿಗಿತದ ತಿರುಪನ್ನು ಅತಿ ಮೆತ್ತಗಿನ ಕ್ಲಿಕ್‌ನಲ್ಲಿಟ್ಟರೆ ತೊಟ್ಟಿಲಿನಂತೆ ಹೋಗುತ್ತದೆ ಎಂದರು. ಇನ್ನೊಬ್ಬರು ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕಿದರೆ ಸಾಕು, ಅರ್ಧ ಗಂಟೆಯ ಕೆಲಸ ಎಂದರು. ಮೂರನೆಯವರು ಗ್ಯಾಸ್ ಶಾಕ್ ಅಬ್ಸಾರ್ಬರ್ ಹಾಕಿಸಿ ಎಂದರು. ಯಾವುದನ್ನು ನಂಬಲಿ?

ಉತ್ತರ: ಮೈಸೂರಿನ ಗ್ಯಾರೇಜಿನವನು

ಮೇಡಂ, ಇಪ್ಪತ್ತೆರಡು ವರ್ಷದಿಂದ ಸಸ್ಪೆನ್ಷನ್ ಕೆಲಸವನ್ನೇ ಮಾಡುತ್ತಿದ್ದೇನೆ. ಮೂವರಲ್ಲಿ ಒಬ್ಬರಾದರೂ ಕಾರಿನ ಕೆಳಗೆ ಬಗ್ಗಿ ನೋಡಿದರೇ? ಟಯರಿನ ಅಳತೆ ಕೇಳಿದರೇ?

ಮೊದಲು ಇಷ್ಟು ತಿಳಿಸಿ. ಟಯರಿನ ಪಕ್ಕೆಯ ಮೇಲೆ ಬರೆದಿರುವ ಅಳತೆ ಎಷ್ಟು? ಗಾಳಿ ಎಷ್ಟು ತುಂಬಿಸುತ್ತೀರಿ, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಎಷ್ಟಿದೆ? ಅಮ್ಮನಿಗೆ ತಾಗುವುದು ಸುತ್ತಿಗೆಯಲ್ಲಿ ಬಡಿದಂಥ ಚುರುಕಾದ ಪೆಟ್ಟೋ, ಅಥವಾ ಉಬ್ಬು ದಾಟಿದ ಮೇಲೂ ಎರಡು ಮೂರು ಸಲ ತೂಗಾಡುವ ಕುಣಿತವೋ? ಇವೆರಡೂ ಬೇರೆ ಬೇರೆ ಕಾಯಿಲೆ. ಹಿಂದಿನ ಶಾಕ್ ಅಬ್ಸಾರ್ಬರುಗಳ ಮೈಮೇಲೆ ಎಣ್ಣೆಯ ಪಸೆ ಇದೆಯೇ ಎಂಬುದನ್ನೂ ನೋಡಿಸಿ.

ಹಾಸನದ ಅಧ್ಯಾಪಕಿ

ಈಗಿನ ಟಯರು 205/45 ಆರ್17. ಕಾರಿನ ಜೊತೆ ಬಂದದ್ದು 185/65 ಆರ್15. ಎರಡು ವರ್ಷದ ಹಿಂದೆ ತಮ್ಮ ಅಂದಕ್ಕೆಂದು ದೊಡ್ಡ ಅಲಾಯ್ ಚಕ್ರ ಹಾಕಿಸಿದ. ಹಳೆಯ ಚಕ್ರಗಳು ಮನೆಯ ಅಟ್ಟದಲ್ಲಿವೆ. ಚೀಟಿಯಲ್ಲಿ 30 ಪಿಎಸ್ಐ ಎಂದಿದೆ, ಬಂಕಿನ ಹುಡುಗ ಯಾವಾಗಲೂ 36 ತುಂಬುತ್ತಾನೆ. ಎಡಗಡೆ ಹಿಂದಿನ ಶಾಕ್ ಅಬ್ಸಾರ್ಬರ್ ಎಣ್ಣೆಯಲ್ಲಿ ನೆಂದು ಧೂಳು ಮೆತ್ತಿಕೊಂಡಿದೆ. ಅಮ್ಮನನ್ನು ಕೇಳಿದೆ. ಪೆಟ್ಟೂ ಹೌದು, ಕುಣಿತವೂ ಹೌದು ಎಂದರು.

ಮೈಸೂರಿನ ಗ್ಯಾರೇಜಿನವನು

ಹಾಗಾದರೆ ಅರ್ಧ ಔಷಧ ನಿಮ್ಮ ಅಟ್ಟದಲ್ಲೇ ಇದೆ.

ಲೆಕ್ಕ ನೋಡಿ. 185ರ ಶೇ. 65 ಎಂದರೆ 120 ಮಿ.ಮೀ. ಟಯರಿನ ಪಕ್ಕೆ ಅಷ್ಟು ಎತ್ತರ. 205ರ ಶೇ. 45 ಎಂದರೆ 92 ಮಿ.ಮೀ. ಚಕ್ರದ ಒಟ್ಟು ಎತ್ತರ ಹೆಚ್ಚು ಕಡಿಮೆ ಅಷ್ಟೇ ಉಳಿಯುತ್ತದೆ, ಹಾಗಾಗಿ ಅಂಗಡಿಯವರು ಸೈಜ್ ಸರಿಹೊಂದುತ್ತದೆ ಎನ್ನುತ್ತಾರೆ. ಸುಳ್ಳೇನಲ್ಲ. ಆದರೆ ರಸ್ತೆಗೂ ರಿಮ್ಮಿಗೂ ನಡುವೆ ಇದ್ದ ಗಾಳಿಯ ಹಾಸಿಗೆಯಲ್ಲಿ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಹೋಯಿತು. ಗುಂಡಿಯ ಅಂಚು, ಕಿತ್ತ ಜಲ್ಲಿ, ಸೇತುವೆಯ ಕೂಡುಪಟ್ಟಿ, ಇಂಥ ಚುರುಕು ಪೆಟ್ಟುಗಳನ್ನು ಮೊದಲು ನುಂಗುವುದು ಟಯರೇ. ಅದು ನುಂಗದೆ ಬಿಟ್ಟದ್ದು ಮಾತ್ರ ಸ್ಪ್ರಿಂಗಿಗೆ ಬರುತ್ತದೆ. ಮೇಲಾಗಿ 17 ಇಂಚಿನ ಚಕ್ರ ಸಾಮಾನ್ಯವಾಗಿ ಭಾರ ಹೆಚ್ಚು. ಭಾರದ ಚಕ್ರ ಒಮ್ಮೆ ಮೇಲಕ್ಕೆ ಹಾರಿದರೆ ಅದನ್ನು ಹಿಡಿದು ತರುವುದು ಶಾಕ್ ಅಬ್ಸಾರ್ಬರಿಗೆ ಕಷ್ಟ, ಅದರಲ್ಲೂ ಸೋರಿ ಸೊರಗಿದ್ದಕ್ಕೆ.

ಈ ತೆಳು ಟಯರಿನಲ್ಲಿ ಗಾಳಿಯನ್ನು 30ಕ್ಕೆ ಇಳಿಸಿ ನೋಡೋಣ ಎಂದುಕೊಳ್ಳಬೇಡಿ. ಆ ಚೀಟಿ ಇರುವುದು ಮೂಲ ಅಳತೆಯ ಟಯರಿಗೆ. ತೆಳು ಪಕ್ಕೆಯಲ್ಲಿ ಗಾಳಿ ಕಡಿಮೆಯಾದರೆ ಮೊದಲ ದೊಡ್ಡ ಗುಂಡಿಯಲ್ಲೇ ರಿಮ್ಮು ಬಾಗುತ್ತದೆ. ಅಟ್ಟದಿಂದ ಹಳೆಯ ಚಕ್ರ ಇಳಿಸಿ, ಅದೇ ಅಳತೆಯ ಹೊಸ ಟಯರ್ ಹಾಕಿಸಿ. ಗಾಳಿಯನ್ನು ಬೆಳಿಗ್ಗೆ ಟಯರು ತಣ್ಣಗಿರುವಾಗ ಚೀಟಿಯಂತೆ ತುಂಬಿಸಿ. ತಮ್ಮನಿಗೆ ಬೇಸರವಾದರೆ ಒಂದು ಸಲ ಅವನನ್ನು ಹಿಂದೆ ಕೂರಿಸಿ ಗುಂಡ್ಯದವರೆಗೆ ಕರೆದೊಯ್ಯಿರಿ.

ಇನ್ನು ಕುಣಿತ. ಶಾಕ್ ಅಬ್ಸಾರ್ಬರ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಪೆಟ್ಟನ್ನು ಹೀರುವುದು ಟಯರು ಮತ್ತು ಸ್ಪ್ರಿಂಗ್. ಹೀರಿಕೊಂಡ ಸ್ಪ್ರಿಂಗ್ ಸುಮ್ಮನಿರದೆ ಜಿಗಿಯುತ್ತದಲ್ಲ, ಆ ಜಿಗಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಒಳಗೆ ಪಿಸ್ಟನ್ನು ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ನೂಕುತ್ತದೆ, ಚಲನೆ ಶಾಖವಾಗಿ ಹೋಗುತ್ತದೆ. ಸಾಧಾರಣ ಕಾರಿನ ಮೈ ಸೆಕೆಂಡಿಗೆ ಸುಮಾರು ಒಂದರಿಂದ ಒಂದೂವರೆ ಸಲ ತೂಗುವಂತೆ ಸ್ಪ್ರಿಂಗ್ ಇಟ್ಟಿರುತ್ತಾರೆ. ಅದು ನಡಿಗೆಯ ಲಯಕ್ಕೆ ಹತ್ತಿರ, ದೇಹ ಅದನ್ನು ಸಹಿಸುತ್ತದೆ. ಶಾಕ್ ಅಬ್ಸಾರ್ಬರ್ ಸತ್ತರೆ ಆ ಒಂದು ತೂಗು ಮೂರಾಗುತ್ತದೆ, ಸೊಂಟ ಮೂರು ಸಲವೂ ಕೆಲಸ ಮಾಡಬೇಕಾಗುತ್ತದೆ. ಪೆಟ್ಟಿಗಿಂತ ಹೆಚ್ಚು ದಣಿಸುವುದು ಇದೇ. ಹೊಸ ಶಾಕ್ ಅಬ್ಸಾರ್ಬರ್ ಹಾಕಿದ ದಿನ ಕಾರು ಸ್ವಲ್ಪ ಬಿಗಿಯಾಯಿತು ಎನಿಸಬಹುದು. ದೂರ ಹೋಗಿ ಬಂದ ಸಂಜೆ ಅಮ್ಮನನ್ನು ಕೇಳಿ.

ನಿಮಗೆ ಬೇಕಿರುವುದು ಕಾರು ತಯಾರಾದಾಗ ಇದ್ದ ಅಳತೆಯ, ಅದೇ ಬಿಗಿತದ ಶಾಕ್ ಅಬ್ಸಾರ್ಬರ್. ಕಂಪನಿಯ ಮೂಲ ಬಿಡಿಭಾಗವೇ ಆಗಬೇಕೆಂದಿಲ್ಲ. ಗೇಬ್ರಿಯಲ್, ಮನ್ರೋ, ಕೆವೈಬಿ ಇವರಲ್ಲಿ ನಿಮ್ಮ ಮಾದರಿಗೆಂದೇ ಪಟ್ಟಿ ಮಾಡಿದ್ದು ಇದ್ದರೆ ಧೈರ್ಯವಾಗಿ ಹಾಕಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸುವುದಾದರೆ ಹಳೆಯದರ ಮೇಲಿನ ಸಂಖ್ಯೆಯ ಫೋಟೊ ಕಳಿಸಿ, ಬಿಲ್ ಕೇಳಿ. ನಕಲಿ ಮಾಲಿನ ಡಬ್ಬಿ ಅಸಲಿಗಿಂತ ಚೆನ್ನಾಗಿರುತ್ತದೆ.

ಸೋರುತ್ತಿರುವುದು ಎಡಗಡೆಯದೊಂದೇ ಆದರೂ ಎರಡನ್ನೂ ಒಟ್ಟಿಗೆ ಬದಲಿಸಿ. ಜೊತೆಗೆ ಬಂಪ್ ಸ್ಟಾಪ್ ಮತ್ತು ಧೂಳುಗವಸೂ ಹೊಸದಿರಲಿ. ಬಂಪ್ ಸ್ಟಾಪ್ ಎಂದರೆ ಶಾಕ್ ಅಬ್ಸಾರ್ಬರ್ ಪೂರ್ತಿ ಕುಸಿದಾಗ ಲೋಹಕ್ಕೆ ಲೋಹ ಬಡಿಯದಂತೆ ತಡೆಯುವ ಮೆತ್ತನೆಯ ತುಂಡು. ಏಳು ವರ್ಷಕ್ಕೆ ಪುಡಿಯಾಗಿರುತ್ತದೆ, ಯಾರೂ ನೋಡುವುದಿಲ್ಲ. ಎಷ್ಟೋ ಕಾರುಗಳ ಸುತ್ತಿಗೆ ಪೆಟ್ಟಿಗೆ ಕಾರಣ ಅದೊಂದೇ.

ಕಾಯಿಲ್‌ಓವರ್ ನಿಮಗಲ್ಲ. ಕ್ಲಿಕ್ ತಿರುಗಿಸಿದರೆ ಬದಲಾಗುವುದು ಶಾಕ್ ಅಬ್ಸಾರ್ಬರಿನ ಬಿಗಿತ ಮಾತ್ರ, ಸ್ಪ್ರಿಂಗಿನದಲ್ಲ. ಆ ಸೆಟ್ಟುಗಳಲ್ಲಿ ಹೆಚ್ಚಿನವು ಕಾರನ್ನು ತಗ್ಗಿಸಿ ತಿರುವುಗಳಲ್ಲಿ ಬಾಗದಂತೆ ಓಡಿಸುವವರಿಗಾಗಿ ಇರುವಂಥವು. ಸ್ಪ್ರಿಂಗ್ ಗಟ್ಟಿ, ಕುಸಿಯುವ ಜಾಗ ಕಡಿಮೆ. ಗಟ್ಟಿ ಸ್ಪ್ರಿಂಗಿಗೆ ಮೆತ್ತಗಿನ ಕ್ಲಿಕ್ ಕೊಟ್ಟರೆ ತೊಟ್ಟಿಲಾಗುವುದಿಲ್ಲ, ಕಡಿವಾಣ ಬಿಟ್ಟ ಕುದುರೆಯಾಗುತ್ತದೆ.

ಕಡೂರಿನ ಟ್ಯಾಕ್ಸಿ ಚಾಲಕ

ಅಣ್ಣ, ಬಫರ್ ಬಗ್ಗೆ ಏನೂ ಹೇಳಲಿಲ್ಲ. ನಾನು ಹಾಕಿಸಿ ಒಂದು ವರ್ಷವಾಯಿತು. ಮೊದಲು ಪ್ರತಿ ಉಬ್ಬಿಗೂ ಹೊಟ್ಟೆ ಉಜ್ಜುತ್ತಿತ್ತು, ಈಗ ಇಲ್ಲ.

ಮೈಸೂರಿನ ಗ್ಯಾರೇಜಿನವನು

ನಿಮ್ಮ ಕಾರಿನಲ್ಲಿ ಐದು ಜನ, ಡಿಕ್ಕಿಯಲ್ಲಿ ಅವರ ಗಂಟುಮೂಟೆ. ಬಫರ್ ತುರುಕಿದ ಕಡೆ ಸ್ಪ್ರಿಂಗಿನ ಸುರುಳಿ ಮೊದಲಿನಷ್ಟು ಕುಸಿಯಲಾರದು. ಅಂದರೆ ಸ್ಪ್ರಿಂಗ್ ಗಟ್ಟಿಯಾದಂತೆ. ತುಂಬಿದ ಕಾರಿಗೆ ಅದು ಒದಗಿ ಬರುತ್ತದೆ, ಖಾಲಿ ಬರುವಾಗ ಒದೆಯುತ್ತದೆ. ವಾಪಸು ಖಾಲಿ ಬರುವ ದಿನ ಹಿಂದೆ ಒಮ್ಮೆ ಕೂತು ನೋಡಿ. ಹಿಂದಿನ ಸೀಟಿನಲ್ಲಿ ಒಬ್ಬರೇ ಕೂರುವ ಕಾರಿಗೆ ಅದು ತಿರುಗುಮುರುಗಾದ ಚಿಕಿತ್ಸೆ.

ಇನ್ನೊಂದು ಸಂಗತಿ. ಉಬ್ಬನ್ನು ಮುಂದಿನ ಚಕ್ರ ಮೊದಲು ಹತ್ತುತ್ತದೆ, ಹಿಂದಿನದು ಕ್ಷಣದ ಮೇಲೆ. ಮುಂದು ಇಳಿಯುವಾಗ ಹಿಂದು ಏರುತ್ತಿದ್ದರೆ ಕಾರು ಏತದಂತೆ ತೂಗುತ್ತದೆ, ಹೊಟ್ಟೆ ತೊಳಸುವುದು ಆಗಲೇ. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿದ್ದ ಮಾರಿಸ್ ಆಲಿ ಎಂಬ ಎಂಜಿನಿಯರ್ ಇದನ್ನು ಕೂಲಂಕಷವಾಗಿ ಪರೀಕ್ಷಿಸಿ, ಹಿಂದಿನ ತುದಿಯ ಲಯವನ್ನು ಮುಂದಿನದಕ್ಕಿಂತ ಸ್ವಲ್ಪ ಚುರುಕಾಗಿಟ್ಟರೆ ತಡವಾಗಿ ಹೊರಟದ್ದು ಮುಂದಿನದನ್ನು ಬೇಗ ಕೂಡಿಕೊಳ್ಳುತ್ತದೆ ಎಂದು ತೋರಿಸಿದರು. ಕಾರು ಕಂಪನಿಯವರು ಸ್ಪ್ರಿಂಗ್ ಆರಿಸುವಾಗ ಈ ಹೊಂದಾಣಿಕೆ ನೋಡಿರುತ್ತಾರೆ. ಒಂದೇ ತುದಿಯ ಸ್ಪ್ರಿಂಗಿಗೆ ನಾವು ಕೈಹಾಕಿದರೆ ಅದು ಕೆಡುತ್ತದೆ.

ನಮ್ಮ ಉಬ್ಬುಗಳ ಮಾತಂತೂ ಬೇಡ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವ ಉಬ್ಬಿಗೆ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಎಂದಿದೆ. ನಮ್ಮೂರಿನ ಉಬ್ಬನ್ನು ಒಂದೇ ಹೆಜ್ಜೆಯಲ್ಲಿ ದಾಟಬಹುದು.

ತುಮಕೂರಿನ ಪಾಲಿಟೆಕ್ನಿಕ್ ವಿದ್ಯಾರ್ಥಿ

ಸರ್, ಗ್ಯಾಸ್ ಶಾಕ್ ಅಬ್ಸಾರ್ಬರ್ ಎಂದರೆ ಒಳಗೆ ಎಣ್ಣೆ ಇರುವುದಿಲ್ಲವೇ? ಗಾಳಿ ಇರುವುದರಿಂದ ಮೆತ್ತಗೆ ಎಂದು ನಮ್ಮ ಕಡೆ ಹೇಳುತ್ತಾರೆ.

ಮೈಸೂರಿನ ಗ್ಯಾರೇಜಿನವನು

ಎಣ್ಣೆ ಇದ್ದೇ ಇರುತ್ತದೆ. ಕೆಟ್ಟ ರಸ್ತೆಯಲ್ಲಿ ಪಿಸ್ಟನ್ನು ಪಟಪಟ ಆಡಿದಾಗ ಎಣ್ಣೆಯಲ್ಲಿ ನೊರೆ ಏಳುತ್ತದೆ. ಮಜ್ಜಿಗೆ ಕಡೆದಂತೆ. ನೊರೆಗೆ ತಡೆಯುವ ಶಕ್ತಿ ಇಲ್ಲ. ನೊರೆ ಏಳದಂತೆ ಎಣ್ಣೆಯನ್ನು ಒತ್ತಿ ಹಿಡಿಯಲು ನೈಟ್ರೋಜನ್ ತುಂಬುತ್ತಾರೆ, ಅಷ್ಟೇ. ಮೆತ್ತಗಾಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಒತ್ತಡ ಹೆಚ್ಚಿದ್ದರೆ ಒಂದಿಷ್ಟು ಬಿಗಿಯೇ ಆಗುತ್ತದೆ. ಘಾಟಿಯ ಉದ್ದಕ್ಕೂ ಒಂದೇ ರೀತಿ ಕೆಲಸ ಮಾಡುವುದು ಅದರ ಗುಣ. ಈಗಿನ ಎಷ್ಟೋ ಕಾರುಗಳಿಗೆ ಕಂಪನಿಯಿಂದಲೇ ಕಡಿಮೆ ಒತ್ತಡದ ಗ್ಯಾಸ್ ಇರುವ ಎರಡು ಕೊಳವೆಯ ಶಾಕ್ ಅಬ್ಸಾರ್ಬರ್ ಬಂದಿರುತ್ತದೆ. ಒಂದೇ ಕೊಳವೆಯ, ಹೆಚ್ಚು ಒತ್ತಡದ ಬಗೆ ಬೇರೆ. ಜರ್ಮನಿಯ ಶಾಕ್ ಅಬ್ಸಾರ್ಬರ್ ಕಂಪನಿ ಬಿಲ್‌ಸ್ಟೈನ್ ಅದನ್ನು 1957ರಲ್ಲಿ ಮರ್ಸಿಡಿಸ್ ಕಾರುಗಳಿಗೆ ಕೊಡಲು ಶುರುಮಾಡಿತು. ಹಾಗಾಗಿ ಗ್ಯಾಸೋ ಅಲ್ಲವೋ ಎಂದು ಕೇಳುವುದಕ್ಕಿಂತ ಯಾವ ಕಾರಿಗೆ ಎಷ್ಟು ಬಿಗಿತಕ್ಕೆ ಹೊಂದಿಸಿದ್ದು ಎಂದು ಕೇಳಿ.

ಮಿಷಿಗನ್‌ನಲ್ಲಿರುವ ಕನ್ನಡಿಗ

ಇಲ್ಲಿ ಚಳಿಗಾಲ ಕಳೆದರೆ ಹಿಮ ಕರಗಿದ ರಸ್ತೆಯೆಲ್ಲ ಗುಂಡಿ. ನನ್ನದು 2016ರ ಫೋಕ್ಸ್‌ವ್ಯಾಗನ್ ಗಾಲ್ಫ್. ಬಿಲ್‌ಸ್ಟೈನ್ ಬಿ6 ಶಾಕ್ ಅಬ್ಸಾರ್ಬರ್ ಹಾಕಿಸಲೋ, ಕೋನಿ ಸ್ಪೆಷಲ್ ಆಕ್ಟಿವ್ ಹಾಕಿಸಲೋ? ಕೆಲಸಕ್ಕೆ ಹೋಗಿಬರುವ ಕಾರು, ಪಂದ್ಯದ್ದಲ್ಲ.

ಮೈಸೂರಿನ ಗ್ಯಾರೇಜಿನವನು

ಕೋನಿ. ಬಿ6 ಗಟ್ಟಿಮುಟ್ಟಾದದ್ದೇ, ಆದರೆ ಮೂಲ ಸ್ಪ್ರಿಂಗಿಗೆ ಹೆಚ್ಚು ಬಿಗಿತ ಬಯಸುವವರಿಗೆ. ಅದೇ ಕಂಪನಿಯಲ್ಲಿ ಮೂಲದಂತೆಯೇ ಇರಲಿ ಎನ್ನುವವರಿಗೆ ಬಿ4 ಇದೆ. ಬಿ8 ತಗ್ಗಿಸಿದ ಕಾರಿಗೆ, ನಿಮಗೆ ಬೇಡ. ಕೋನಿ ಸ್ಪೆಷಲ್ ಆಕ್ಟಿವ್‌ನಲ್ಲಿ ಹೆಚ್ಚುವರಿ ವಾಲ್ವ್ ಇರುತ್ತದೆ. ಚಕ್ರ ಚಿಕ್ಕ ಚಿಕ್ಕದಾಗಿ ಬೇಗ ಬೇಗ ನಡುಗಿದಾಗ ಎಣ್ಣೆಗೆ ಇನ್ನೊಂದು ದಾರಿ ಬಿಡುತ್ತದೆ, ಕಾರಿನ ಮೈ ನಿಧಾನವಾಗಿ ತೂಗುವಾಗ ಆ ದಾರಿ ಮುಚ್ಚಿಕೊಳ್ಳುತ್ತದೆ. ತರಿ ತರಿ ರಸ್ತೆಗೆ ಮೆತ್ತಗೆ, ತಿರುವಿಗೆ ಬಿಗಿ. ಮುಂದಿನ ಸ್ಟ್ರಟ್, ಅಂದರೆ ಸ್ಪ್ರಿಂಗನ್ನು ಹೊತ್ತ ಶಾಕ್ ಅಬ್ಸಾರ್ಬರ್, ಬಿಚ್ಚುವಾಗ ಅದರ ಮೇಲಿನ ಮೌಂಟು, ಬೇರಿಂಗು ಎರಡನ್ನೂ ಬದಲಿಸಿ. ಇಲ್ಲವಾದರೆ ಆರು ತಿಂಗಳಿಗೆ ಅದೇ ಕೂಲಿಯನ್ನು ಇನ್ನೊಮ್ಮೆ ಕೊಡುತ್ತೀರಿ, ಅಲ್ಲಿನ ಕೂಲಿ ನಿಮಗೇ ಗೊತ್ತು. ನಂತರ ವೀಲ್ ಅಲೈನ್‌ಮೆಂಟ್ ಕಡ್ಡಾಯ.

ದಾವಣಗೆರೆಯ ಸದಸ್ಯ

ಇವೆಲ್ಲ ಕಾನೂನಿಗೆ ಸರಿಯೇ?

ಮೈಸೂರಿನ ಗ್ಯಾರೇಜಿನವನು

ಸವೆದದ್ದನ್ನು ಅದೇ ಅಳತೆಯ ಹೊಸದರಿಂದ ಬದಲಿಸುವುದು ದುರಸ್ತಿ. ಕಾರನ್ನು ತಗ್ಗಿಸುವುದು, ಎತ್ತರಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯ ಮಾತಾಗುತ್ತದೆ. ತಯಾರಕರ ಮೂಲ ವಿವರಣೆಯಿಂದ ವಾಹನವನ್ನು ಬದಲಿಸುವಂತಿಲ್ಲ ಎಂಬುದನ್ನು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಅಪಘಾತವಾದ ದಿನ ವಿಮೆಯವರ ಪ್ರಶ್ನೆಗೆ ಉತ್ತರಿಸಬೇಕಾದವರು ನೀವು, ಅಂಗಡಿಯವರಲ್ಲ.

ಹಾಸನದ ಅಧ್ಯಾಪಕಿ (ಮೂರು ವಾರದ ನಂತರ)

ಅಟ್ಟದ ಚಕ್ರಗಳು ಕೆಳಗಿಳಿದವು. ಹೊಸ ಟಯರ್, ಗಾಳಿ 30. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಾದವು. ಹಳೆಯ ಬಂಪ್ ಸ್ಟಾಪ್ ಮುಟ್ಟಿದರೆ ಉದುರುತ್ತಿತ್ತು. ನಿನ್ನೆ ಮಂಗಳೂರಿಗೆ ಹೋಗಿ ಬಂದೆವು. ಮಾರನಹಳ್ಳಿ ದಾಟುವಾಗ ಕನ್ನಡಿಯಲ್ಲಿ ನೋಡಿದರೆ ಅಮ್ಮ ಸೀಟು ಹಿಡಿದಿರಲಿಲ್ಲ, ಕಿತ್ತಳೆ ಸುಲಿಯುತ್ತಿದ್ದರು. ಖರ್ಚು ಕಾಯಿಲ್‌ಓವರಿನ ಅರ್ಧದಷ್ಟೂ ಆಗಲಿಲ್ಲ, ಅದರಲ್ಲೂ ಹೆಚ್ಚಿನದು ಟಯರಿನದು. ಆದರೆ ಸಣ್ಣ ಉಬ್ಬು ನಿಧಾನವಾಗಿ ದಾಟುವಾಗ ಹಿಂದಿನಿಂದ ಕಟ್ ಕಟ್ ಎಂಬ ಹೊಸ ಸದ್ದು.

ಮೈಸೂರಿನ ಗ್ಯಾರೇಜಿನವನು

ಹೊಸ ಕೆಲಸದ ಮೇಲೆ ಹೊಸ ಸದ್ದೆಂದರೆ ಮೊದಲು ಶಾಕ್ ಅಬ್ಸಾರ್ಬರಿನ ಮೇಲ್ತುದಿಯ ನಟ್ಟು ನೋಡಿಸಿ, ಸರಿಯಾಗಿ ಬಿಗಿಯಾಗಿರಲಿಕ್ಕಿಲ್ಲ. ಆಮೇಲೆ ಕೆಳಗಿನ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬಿಗಿದರೇ ಎಂದು ಕೇಳಿ. ಹಾಗೆ ಬಿಗಿದರೆ ಒಳಗಿನ ರಬ್ಬರ್ ಬುಶ್ ಕಾರು ನೆಲಕ್ಕಿಳಿದ ಮೇಲೆ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಬೋಲ್ಟು ಸಡಿಲಿಸಿ, ಕಾರನ್ನು ಅದರ ಕಾಲ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಲಿ. ಹತ್ತು ನಿಮಿಷದ ಕೆಲಸ, ದುಡ್ಡು ಕೇಳಿದರೆ ಕೊಡಬೇಡಿ.